ಹಾಸ್ಟೆಲಿನ ಬೆಂಕಿಯ ಗಂಟೆ ಪದೇ ಪದೇ ಸುಳ್ಳಾದರೆ ಮಕ್ಕಳು ಎದ್ದು ಹೊರಗೆ ಬರುವುದು ಹೇಗೆ?

ನೀರ್ಚಾಲಿನ ಒಬ್ಬ ತಾಯಿ:

ಮಾನ್ಯರೇ, ನನ್ನ ಮಗಳು ಸ್ನಾತಕೋತ್ತರ ತರಗತಿಯ ಮೊದಲ ವರ್ಷದಲ್ಲಿದ್ದು, ವಿಶ್ವವಿದ್ಯಾಲಯದ ಮೂರು ಮಹಡಿಯ ವಿದ್ಯಾರ್ಥಿನಿ ನಿಲಯದಲ್ಲಿ ವಾಸವಾಗಿದ್ದಾಳೆ. ಯಾವ ನಿಲಯವೆಂದು ಇಲ್ಲಿ ಬರೆಯುವುದಿಲ್ಲ. ಇಂತಹ ಪರಿಸ್ಥಿತಿ ಒಂದೇ ಕಡೆ ಇರಲಾರದು, ಮತ್ತು ನನಗೆ ಬೇಕಾಗಿರುವುದು ದೂರಲ್ಲ, ಪರಿಹಾರ.

ಓಣಂ ರಜೆ ಮುಗಿಸಿ ಮಗಳನ್ನು ಬಿಡಲು ಹೋದ ದಿನ ವಿಪರೀತ ಮಳೆಯಿದ್ದುದರಿಂದ ನಾನು ನಿಲಯದ ಅತಿಥಿ ಕೋಣೆಯಲ್ಲಿಯೇ ಉಳಿದುಕೊಂಡೆ. ರಾತ್ರಿ ಎರಡು ಗಂಟೆ ಕಳೆದ ಮೇಲೆ ಬೆಂಕಿಯ ಅಲಾರಂ ಮೊಳಗಿತು. ನಾನು ಕೈಚೀಲವನ್ನೂ ಎತ್ತಿಕೊಳ್ಳದೆ ಅಂಗಳಕ್ಕೆ ಓಡಿದೆ. ಸುಮಾರು ನೂರಿಪ್ಪತ್ತು ಮಂದಿ ಮಲಗಿದ್ದ ಆ ಕಟ್ಟಡದಿಂದ ನನ್ನ ಹಿಂದೆ ಹೊರಗೆ ಬಂದವರು ನಾಲ್ಕೇ ಮಂದಿ. ಆ ನಾಲ್ವರಲ್ಲಿ ನನ್ನ ಮಗಳು ಇರಲಿಲ್ಲ. ಮೇಲೆ ಹೋಗಬಾರದೆಂದು ಗೊತ್ತಿದ್ದರೂ ಎರಡನೇ ಮಹಡಿಗೆ ಹತ್ತಿದೆ. ಮೊಗಸಾಲೆಯ ಉದ್ದಕ್ಕೂ ನೈಲಾನ್ ಹಗ್ಗ ಕಟ್ಟಿ ಒದ್ದೆ ಬಟ್ಟೆಗಳನ್ನು ಹರವಿದ್ದರು. ಯಾರದೋ ಚೂಡಿದಾರ ತಣ್ಣಗೆ ಮುಖಕ್ಕೆ ಬಡಿಯಿತು. ದೀಪ ಆರಿ, ಹೊಗೆ ತುಂಬಿದ್ದರೆ ಆ ದಾರಿಯಲ್ಲಿ ಕೋಣೆಯ ಬಾಗಿಲನ್ನು ಹುಡುಕುವುದು ನನ್ನಿಂದ ಸಾಧ್ಯವಿರಲಿಲ್ಲ. ಮಗಳು ಕಿವಿಯ ಮೇಲೆ ತಲೆದಿಂಬು ಒತ್ತಿಕೊಂಡು ಮಲಗಿದ್ದಳು. ಎಬ್ಬಿಸಿದರೆ, "ಅಮ್ಮಾ, ಇದು ಯಾವಾಗಲೂ ಇರುವುದೇ, ಈಗ ನಿಲ್ಲುತ್ತದೆ, ನೀವು ಹೋಗಿ ಮಲಗಿ" ಎಂದಳು.

ಅವಳು ಹೇಳಿದಂತೆಯೇ ಆಯಿತು. ಮೇಟ್ರನ್ ಬಂದು ಅಲಾರಂ ನಿಯಂತ್ರಿಸುವ ಪ್ಯಾನೆಲಿನ ಗುಂಡಿಯೊಂದನ್ನು ಒತ್ತಿದರು, ಶಬ್ದ ನಿಂತಿತು, ಎಲ್ಲರೂ ಮಲಗಿದರು. ಗಂಟೆ ಬಡಿದದ್ದು ಏಕೆಂದು ನೋಡಲು ಯಾರೂ ಹೋಗಲಿಲ್ಲ. ಆ ಮಳೆಗಾಲದಲ್ಲಿ ಅದು ಹನ್ನೊಂದನೆಯ ಸಲವಂತೆ. ಮೊಗಸಾಲೆಯ ಇನ್ನೊಂದು ತುದಿಯಲ್ಲಿ ಎರಡನೇ ಮೆಟ್ಟಿಲಿದೆ, ಆದರೆ ಅದರ ಕಬ್ಬಿಣದ ಮಡಚುಗೇಟಿಗೆ ಬೀಗ ಜಡಿದಿತ್ತು.

ಮರುದಿನ ವಿಚಾರಿಸಿದಾಗ, ಮಳೆಗಾಲದಲ್ಲಿ ಹಾಗಾಗುವುದು ಸಹಜ, ಗಾಬರಿಯಾಗಬೇಡಿ ಎಂಬ ಉತ್ತರ ಸಿಕ್ಕಿತು. ಆ ರಾತ್ರಿ ನಿಜವಾಗಿ ಬೆಂಕಿ ಬಿದ್ದಿದ್ದರೂ ನನ್ನ ಮಗಳು ಅದೇ ಮಾತು ಹೇಳಿ ಮಗ್ಗುಲು ಬದಲಾಯಿಸುತ್ತಿದ್ದಳು ಎಂಬ ಯೋಚನೆಯಿಂದ ನನಗೆ ಇಂದಿಗೂ ಸರಿಯಾಗಿ ನಿದ್ರೆ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ, ಇದನ್ನು ಸರಿಪಡಿಸಲು ಸಾಧ್ಯವೇ? ಸಾಧ್ಯವಾದರೆ ಮೊದಲು ಕೇಳಬೇಕಾದದ್ದು ಏನನ್ನು?

ಅಗ್ನಿಶಾಮಕ ದಳದ ನಿವೃತ್ತ ಸಿಬ್ಬಂದಿ, ಕಾಸರಗೋಡು:

ಅಕ್ಕಾ, ನೀವು ಬರೆದುದರಲ್ಲಿ ಎಲ್ಲರೂ ಗಂಟೆಯ ವಿಷಯವನ್ನೇ ಹಿಡಿದುಕೊಳ್ಳಬಹುದು. ನನ್ನ ಕಣ್ಣು ಮೊದಲು ಬಿದ್ದದ್ದು ಬೀಗದ ಮೇಲೆ. ಅಲಾರಂ ಸುಳ್ಳೋ ನಿಜವೋ ಎಂಬುದನ್ನು ಆಮೇಲೆ ನೋಡೋಣ. ಮಲಗಿರುವ ಮನುಷ್ಯರಿರುವ ಕಟ್ಟಡದಲ್ಲಿ ಹೊರಗೆ ಹೋಗುವ ದಾರಿಗೆ ಬೀಗವಿದ್ದರೆ ಗಂಟೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ರೋಗಿಗಳು ತಂಗಿದ್ದ ಚಪ್ಪರಕ್ಕೆ ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಅವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದು ಮುಖ್ಯವಾಗಿ ಹೊಗೆಯಿಂದ. ಬಾಲ್ಕನಿಯಲ್ಲಿದ್ದವರಿಗೆ ಹೊರದಾರಿ ಸಿಗಲಿಲ್ಲ. ನಮ್ಮ ಹಾಸ್ಟೆಲುಗಳ ಕಿಟಕಿಗಳಿಗೆ ಭದ್ರವಾದ ಕಬ್ಬಿಣದ ಸರಳುಗಳಿರುವುದರಿಂದ ಕಿಟಕಿಯೂ ದಾರಿಯಲ್ಲ. ಉಳಿಯುವುದು ಮೆಟ್ಟಿಲು ಮಾತ್ರ. ಎರಡರಲ್ಲಿ ಒಂದಕ್ಕೆ ಬೀಗ ಹಾಕಿದರೆ, ಇನ್ನೊಂದರಲ್ಲಿ ಹೊಗೆ ಏರಿದ ಕ್ಷಣವೇ ಆ ಮಹಡಿ ಮುಚ್ಚಿದ ಪೆಟ್ಟಿಗೆಯಾಗುತ್ತದೆ.

ಹೊಗೆಯ ವಿಷಯದಲ್ಲಿ ಜನರ ಕಲ್ಪನೆ ತಪ್ಪಾಗಿದೆ. ಹೊಗೆ ಮೂಗಿಗೆ ಬಡಿದಾಗ ಎಚ್ಚರವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಸಿಗೆಯ ಫೋಮ್, ಪ್ಲಾಸ್ಟಿಕ್ ಕುರ್ಚಿ, ವಯರಿನ ಹೊದಿಕೆ ಇವು ಉರಿಯುವಾಗ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ಮಲಗಿದವರನ್ನು ಇನ್ನಷ್ಟು ಗಾಢವಾಗಿ ಮಲಗಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಮಧುರೈಯ ಖಾಸಗಿ ಮಹಿಳಾ ಹಾಸ್ಟೆಲೊಂದರಲ್ಲಿ ಮುಂಜಾನೆಯ ಹೊತ್ತು ಫ್ರಿಜ್ಜಿನಿಂದ ಆರಂಭವಾದ ಬೆಂಕಿಯಲ್ಲಿ ಇಬ್ಬರು ಮಹಿಳೆಯರು ಪ್ರಾಣ ಕಳೆದುಕೊಂಡರು. ಮಲಗಿದವರನ್ನು ಎಬ್ಬಿಸುವ ಕೆಲಸವನ್ನು ಮೂಗಿಗೆ ಬಿಡಲಾಗದು, ಅದನ್ನು ಗಂಟೆಯೇ ಮಾಡಬೇಕು. ಆ ಗಂಟೆಯ ಮೇಲೆ ನಂಬಿಕೆಯೇ ಹೋದರೆ ಎಬ್ಬಿಸುವವರು ಯಾರೂ ಇಲ್ಲ.

ಇನ್ನೊಂದು ಮಾತು. ನಮ್ಮ ಕಡೆಯ ಹಾಸ್ಟೆಲುಗಳಲ್ಲಿ ಅಲಾರಂ ಮೊಳಗಿದರೆ ಅದು ಸಾಮಾನ್ಯವಾಗಿ ಆ ಕಟ್ಟಡದೊಳಗೆ ಮಾತ್ರ ಕೇಳಿಸುತ್ತದೆ. ನಮ್ಮ ಠಾಣೆಗೆ ಅದರಿಂದ ಸುದ್ದಿ ಮುಟ್ಟುವುದಿಲ್ಲ. ಯಾರಾದರೊಬ್ಬರು 101ಕ್ಕೋ 112ಕ್ಕೋ ಫೋನ್ ಮಾಡಲೇಬೇಕು. "ಬೇರೆಯವರು ಮಾಡಿರಬಹುದು" ಎಂದು ಎಲ್ಲರೂ ಅಂದುಕೊಂಡ ಸಂದರ್ಭಗಳನ್ನು ನಾನು ಕಂಡಿದ್ದೇನೆ. ಬೇಸಿಗೆಯ ಕುಂಭ, ಮೀನ ತಿಂಗಳುಗಳಲ್ಲಿ ಮುರಕಲ್ಲು ಪಾರೆಗಳ ಮೇಲಿನ ಮುಳಿಹುಲ್ಲಿಗೆ ಬೆಂಕಿ ಬಿದ್ದು ನಮ್ಮ ವಾಹನಗಳು ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಸುತ್ತುತ್ತಿರುತ್ತವೆ. ಅಂತಹ ದಿನಗಳಲ್ಲಿ ಐದು ನಿಮಿಷ ತಡವಾಗಿ ಬಂದ ಕರೆ ಅರ್ಧ ಗಂಟೆಯ ತಡವಾಗಬಹುದು. ಆದರೂ ಹೇಳುತ್ತೇನೆ, ಸಂಶಯ ಬಂದು ಕರೆದವರನ್ನು ನಾವು ಯಾವತ್ತೂ ಗದರಿಸಿದ್ದಿಲ್ಲ. ಬಂದು ನೋಡಿ ಏನೂ ಇಲ್ಲವೆಂದಾದರೆ ನಮಗೆ ಸಮಾಧಾನವೇ.

ಹಾಸ್ಟೆಲ್ ವಿದ್ಯಾರ್ಥಿನಿ, ಎರಡನೇ ವರ್ಷ:

ನಾನು ಇರುವುದು ಬೇರೆ ನಿಲಯದಲ್ಲಿ, ಆದರೆ ಅಲ್ಲಿಯ ಸ್ಥಿತಿಯೂ ಇದೇ. ಹಿರಿಯರು ನಮ್ಮ ಅಸಡ್ಡೆಯನ್ನಷ್ಟೇ ಕಾಣಬಾರದು ಎಂಬ ಕಾರಣಕ್ಕೆ ಒಳಗಿನಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಮಳೆ ಜೋರಾಗಿರುವ ಕರ್ಕಾಟಕ ಮಾಸದಲ್ಲಿ ಬಟ್ಟೆ ಒಣಗಲು ನಮಗೆ ಮೊಗಸಾಲೆಯ ಹೊರತು ಬೇರೆ ಜಾಗವಿಲ್ಲ. ಮೂರು ದಿನವಾದರೂ ಒಣಗದ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸುತ್ತೇವೆ, ಅದರ ಹಬೆ ಮೇಲಕ್ಕೆ ಹೋಗುತ್ತದೆ. ನುಸಿಗಳ ಕಾಟಕ್ಕೆ ನುಸಿಬತ್ತಿ ಹಚ್ಚುತ್ತೇವೆ. ಮೆಸ್ಸಿನಲ್ಲಿ ರಾತ್ರಿ ಎಂಟೂವರೆಯ ಮೇಲೆ ಏನೂ ಸಿಗದ ಕಾರಣ ಕೆಟಲಿನಲ್ಲಿ ನೂಡಲ್ಸ್ ಬೇಯಿಸುತ್ತೇವೆ. ಕಳೆದ ವರ್ಷ ನನ್ನ ಕೋಣೆಯ ಗೆಳತಿ ಮನೆಯಿಂದ ಹಲಸಿನ ಹಪ್ಪಳ ತಂದಿದ್ದಳು. ಅದನ್ನು ಕಾಯಿಸಲೆಂದು ಕಾಯಿಲ್ ಒಲೆಯ ಮೇಲೆ ಸಣ್ಣ ಬಾಣಲೆಯಿಟ್ಟು ತೆಂಗಿನೆಣ್ಣೆ ಸುರಿದಳು. ನಾಲ್ಕನೆಯ ಹಪ್ಪಳದ ಹೊತ್ತಿಗೆ ಎಣ್ಣೆಯಿಂದ ನೀಲಿ ಹೊಗೆ ಎದ್ದಿತು, ಅಲಾರಂ ಕೂಗಿತು.

ಆಗ ನಾವು ಮಾಡಿದ್ದೇನು ಗೊತ್ತೇ? ಹೊರಗೆ ಓಡಲಿಲ್ಲ. ಒಲೆಯನ್ನು ಮಂಚದಡಿಗೆ ತಳ್ಳಿ ಅದರ ಮುಂದೆ ಸೂಟ್‌ಕೇಸ್ ಇಟ್ಟೆವು. ಬಿಸಿಯಾದ ಕಾಯಿಲ್, ಮೇಲೆ ಹಾಸಿಗೆಯಿಂದ ಇಳಿಬಿದ್ದ ಹೊದಿಕೆ. ಕೋಣೆಯಲ್ಲಿ ಒಲೆ ಸಿಕ್ಕರೆ ಎರಡು ಸಾವಿರ ರೂಪಾಯಿ ದಂಡ, ಮನೆಗೆ ಫೋನ್. ಆ ಹೆದರಿಕೆಯ ಮುಂದೆ ಬೆಂಕಿಯ ಹೆದರಿಕೆ ನಮಗೆ ನೆನಪಾಗಲೇ ಇಲ್ಲ. ಈಗ ಅದನ್ನು ನೆನೆದರೆ ಮೈ ನಡುಗುತ್ತದೆ. ಆಮೇಲೆ ಕೆಲವರು ಹೊಗೆಯನ್ನು ಗುರುತಿಸುವ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದರು. ಆ ಚೀಲ ಸುಮಾರು ಎರಡು ತಿಂಗಳು ಅಲ್ಲಿಯೇ ಇತ್ತು, ಯಾರೂ ತಲೆ ಎತ್ತಿ ನೋಡಲಿಲ್ಲ.

ಮುಳ್ಳೇರಿಯದ ಒಬ್ಬ ತಂದೆ:

ಮಗಳೇ, ನೀನು ಸತ್ಯ ಹೇಳಿದ್ದಕ್ಕೆ ಮೆಚ್ಚಿದೆ. ಆದರೆ ನೀನು ಹೇಳಿದ್ದೇ ನನ್ನ ವಾದಕ್ಕೆ ಆಧಾರ. ಕೋಣೆಯಲ್ಲಿ ಒಲೆ ಉರಿಸುವವರಿಗೆ ದಂಡ ಎರಡು ಸಾವಿರ ಸಾಲದು, ನಿಲಯದಿಂದಲೇ ಹೊರಗೆ ಕಳುಹಿಸಬೇಕು. ಒಬ್ಬಳ ಹಪ್ಪಳದ ಆಸೆಗೆ ನೂರು ಮಕ್ಕಳ ಪ್ರಾಣ ಒತ್ತೆಯೇ? ನಮ್ಮ ಮಕ್ಕಳಿಗೆ ನಾಳೆ ಪರೀಕ್ಷೆ, ರಾತ್ರಿ ಎರಡಕ್ಕೆ ಗಂಟೆ. ಪರೀಕ್ಷೆಯ ದಿನಗಳಲ್ಲಾದರೂ ಕೋಣೆಗಳ ಡಿಟೆಕ್ಟರುಗಳನ್ನು ನಿಲ್ಲಿಸಿ, ಮೆಸ್ಸಿನದನ್ನೂ ಮೊಗಸಾಲೆಯದನ್ನೂ ಮಾತ್ರ ಚಾಲೂ ಇಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ಕಾವಲಿಗೆ ಮನುಷ್ಯರಿದ್ದಾರಲ್ಲ.

ಉಪ್ಪಳದ ಅಲಾರಂ ತಂತ್ರಜ್ಞ:

ನಾನು ಹದಿನಾಲ್ಕು ವರ್ಷ ಗಲ್ಫಿನಲ್ಲಿ ಬೆಂಕಿ ಅಲಾರಂಗಳ ಜೋಡಣೆ ಮತ್ತು ನಿರ್ವಹಣೆಯ ಕೆಲಸ ಮಾಡಿ, ಈಗ ಊರಿನಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೇನೆ. ಮುಳ್ಳೇರಿಯದ ಅಣ್ಣನವರ ಮಾತನ್ನು ನಾನು ಗೌರವದಿಂದಲೇ ವಿರೋಧಿಸುತ್ತೇನೆ. ಬೆಂಕಿ ಹೆಚ್ಚಾಗಿ ಆರಂಭವಾಗುವುದು ಕೋಣೆಯಲ್ಲಿ. ಕೋಣೆಯ ಡಿಟೆಕ್ಟರನ್ನು ನಿಲ್ಲಿಸಿದರೆ ಮೊಗಸಾಲೆಯ ಡಿಟೆಕ್ಟರಿಗೆ ಸುದ್ದಿ ತಿಳಿಯುವಷ್ಟರಲ್ಲಿ ಮೊಗಸಾಲೆಯೇ ಹೊಗೆಯಿಂದ ತುಂಬಿರುತ್ತದೆ, ಅಂದರೆ ಉಳಿದವರ ದಾರಿ ಮುಚ್ಚಿರುತ್ತದೆ. ಇನ್ನು, "ಪರೀಕ್ಷೆ ಮುಗಿಯುವವರೆಗೆ" ಎಂದು ನಿಲ್ಲಿಸಿದ ವಲಯವನ್ನು, ಅಂದರೆ ಒಟ್ಟಿಗೆ ಜೋಡಿಸಿದ ಕೋಣೆಗಳ ಗುಂಪನ್ನು, ಮತ್ತೆ ಚಾಲೂ ಮಾಡಲು ಮರೆತ ಪ್ಯಾನೆಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. ವಲಯ ನಿಂತಿದೆಯೆಂದು ತೋರಿಸುವ ಹಳದಿ ದೀಪ ವರ್ಷಗಟ್ಟಲೆ ಉರಿಯುತ್ತಿರುತ್ತದೆ, ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿರುತ್ತಾರೆ.

ಸುಳ್ಳು ಅಲಾರಂ ಎಂಬ ಮಾತೇ ನನಗೆ ಅಷ್ಟು ಒಪ್ಪಿಗೆಯಿಲ್ಲ. ಡಿಟೆಕ್ಟರ್ ಸುಳ್ಳು ಹೇಳುವುದು ಬಹಳ ಅಪರೂಪ. ಅದು ಕಂಡದ್ದನ್ನು ಹೇಳುತ್ತದೆ, ನಾವು ಅದನ್ನು ಇಡಬಾರದ ಕಡೆ ಇಟ್ಟಿರುತ್ತೇವೆ. ಸಾಮಾನ್ಯವಾಗಿ ಹಾಸ್ಟೆಲುಗಳಲ್ಲಿ ಇರುವುದು ಬೆಳಕಿನಿಂದ ಕೆಲಸ ಮಾಡುವ ಸ್ಮೋಕ್ ಡಿಟೆಕ್ಟರ್. ಅದರ ಒಳಗೆ ಕಪ್ಪು ಬಣ್ಣದ ಪುಟ್ಟ ಗೂಡಿದೆ. ಒಂದು ಕಡೆ ಸಣ್ಣ ಬೆಳಕಿನ ಬಿಂದು, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ಇವೆರಡೂ ಎದುರುಬದುರಾಗಿರದೆ ಓರೆಯಾಗಿ ಇರುವುದರಿಂದ ಸಾಮಾನ್ಯ ಸ್ಥಿತಿಯಲ್ಲಿ ಕಣ್ಣಿಗೆ ಬೆಳಕು ಬೀಳುವುದಿಲ್ಲ. ಹೊಗೆಯ ಕಣಗಳು ಒಳಗೆ ಬಂದಾಗ ಬೆಳಕು ಅವುಗಳಿಗೆ ತಾಗಿ ಚದುರಿ ಕಣ್ಣಿಗೆ ಬೀಳುತ್ತದೆ, ಪ್ಯಾನೆಲಿಗೆ ಸುದ್ದಿ ಹೋಗುತ್ತದೆ. ಆದರೆ ಬೆಳಕನ್ನು ಚದುರಿಸಲು ಹೊಗೆಯೇ ಬೇಕೆಂದಿಲ್ಲ. ಬಚ್ಚಲಿನ ಹಬೆ, ಸುಗಂಧದ ಸ್ಪ್ರೇ, ಗೋಡೆ ಉಜ್ಜಿದ ಧೂಳು, ಗೂಡಿನೊಳಗೆ ಬಲೆ ಹೆಣೆದ ಜೇಡ, ಇವೆಲ್ಲವೂ ಅದೇ ಕೆಲಸ ಮಾಡುತ್ತವೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಒಳಸೇರುತ್ತದೆ, ತುಲಾ ಮಾಸದ ಗುಡುಗುಮಿಂಚಿಗೆ ವಯರುಗಳಲ್ಲಿ ವಿದ್ಯುತ್ ಏರುಪೇರಾಗಿ ಪ್ಯಾನೆಲ್ ಗೊಂದಲಕ್ಕೆ ಬೀಳುತ್ತದೆ. ಇವು ಯಾವುವೂ ದೈವಲೀಲೆಯಲ್ಲ, ಪ್ರತಿಯೊಂದಕ್ಕೂ ಮದ್ದಿದೆ. ಬಚ್ಚಲಿನ ಬಾಗಿಲ ನೇರಕ್ಕಿರುವ ಡಿಟೆಕ್ಟರನ್ನು ಒಂದೆರಡು ಮೀಟರ್ ಆಚೆ ಸರಿಸಬೇಕು. ಅಡುಗೆ ಮಾಡುವ ಜಾಗದಲ್ಲಿ ಹೊಗೆಯ ಬದಲು ಶಾಖವನ್ನು ಗುರುತಿಸುವ ಡಿಟೆಕ್ಟರ್ ಇರಬೇಕು. ಅದು ಸುಮಾರು 57-60 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮಾತ್ರ ಕೂಗುವುದರಿಂದ ಒಗ್ಗರಣೆಯ ಹೊಗೆಗೆ ಜಗ್ಗುವುದಿಲ್ಲ. ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಬಿಚ್ಚಿ ಶುಚಿಗೊಳಿಸಬೇಕು. ಸಿಡಿಲಿನ ಏರುಪೇರನ್ನು ತಡೆಯುವ ಸಾಧನವನ್ನು ಪ್ಯಾನೆಲಿಗೂ ಅಳವಡಿಸಬೇಕು, ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಸರಿಯಿದೆಯೇ ಎಂದು ಬೇಸಿಗೆಯಲ್ಲಿಯೂ ನೋಡಬೇಕು, ಏಕೆಂದರೆ ಮುರಕಲ್ಲು ನೆಲ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ.

ನೀರ್ಚಾಲಿನ ಅಕ್ಕ, ಮೇಟ್ರನ್ ಒತ್ತಿದ ಗುಂಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಪ್ಯಾನೆಲಿನಲ್ಲಿ ಶಬ್ದ ನಿಲ್ಲಿಸುವ ಗುಂಡಿ ಬೇರೆ, ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ ರೀಸೆಟ್ ಗುಂಡಿ ಬೇರೆ. ರೀಸೆಟ್ ಒತ್ತಿದ ಕೂಡಲೇ ಯಾವ ಡಿಟೆಕ್ಟರ್ ಕೂಗಿತೆಂದು ತೋರಿಸುವ ಕೆಂಪು ದೀಪವೂ ಆರುತ್ತದೆ. ಹಳೆಯ ಮಾದರಿಯ ಪ್ಯಾನೆಲುಗಳಲ್ಲಿ ವಲಯದ ಸಂಖ್ಯೆ ಮಾತ್ರ ಕಾಣುತ್ತದೆ. ಆ ವಲಯದ ಇಪ್ಪತ್ತು ಕೋಣೆಗಳಲ್ಲಿ ಯಾವುದೆಂದು ತಿಳಿಯಲು ನಡೆದುಕೊಂಡು ಹೋಗಿ, ಯಾವ ಡಿಟೆಕ್ಟರಿನ ಪುಟ್ಟ ಕೆಂಪು ದೀಪ ಮಿನುಗದೆ ನಿಂತು ಉರಿಯುತ್ತಿದೆ ಎಂದು ನೋಡಬೇಕು. ನೋಡುವ ಮೊದಲೇ ರೀಸೆಟ್ ಮಾಡಿದರೆ ಕಾರಣ ಕೈತಪ್ಪಿಹೋಯಿತು, ನಾಡಿದ್ದು ಅದೇ ಡಿಟೆಕ್ಟರ್ ಮತ್ತೆ ಕೂಗುತ್ತದೆ. ಹನ್ನೊಂದು ಸಲ ಕೂಗಿದ್ದು ಬಹುಶಃ ಒಂದೇ ಡಿಟೆಕ್ಟರ್ ಆಗಿರಬಹುದು. ಒಂದು ನೋಟು ಪುಸ್ತಕ ಇಟ್ಟು, ದಿನಾಂಕ, ಗಂಟೆ, ವಲಯ, ಕೋಣೆ, ಕಂಡ ಕಾರಣ ಎಂದು ಬರೆಯುತ್ತ ಬಂದರೆ ಮೂರನೆಯ ಸಲವೇ ರೋಗ ಎಲ್ಲಿದೆಯೆಂದು ತಿಳಿಯುತ್ತದೆ. ಆ ಪುಸ್ತಕ ಇದೆಯೇ ಎಂದು ಕೇಳಿ. ಮೊದಲು ಕೇಳಬೇಕಾದದ್ದು ಅದನ್ನೇ.

ಮಂಜೇಶ್ವರದ ವಿದ್ಯಾರ್ಥಿ, ಈಗ ಇಂಗ್ಲೆಂಡಿನಲ್ಲಿ:

ನಾನು ಇಲ್ಲಿ ಓದುತ್ತಿರುವ ವಿಶ್ವವಿದ್ಯಾಲಯದ ವಸತಿಯಲ್ಲಿ ಪ್ರತಿ ಬುಧವಾರ ಬೆಳಿಗ್ಗೆ ನಿಗದಿತ ಸಮಯಕ್ಕೆ ಅಲಾರಂ ಪರೀಕ್ಷೆ ನಡೆಯುತ್ತದೆ. ಆ ಹೊತ್ತಿನಲ್ಲಿ ಕೆಲವೇ ಸೆಕೆಂಡುಗಳ ಶಬ್ದ ಕೇಳಿದರೆ ಯಾರೂ ಏಳುವುದಿಲ್ಲ. ಬೇರೆ ಯಾವ ಹೊತ್ತಿನಲ್ಲಿ ಕೇಳಿದರೂ ಎಲ್ಲರೂ ಹೊರಗೆ ನಿಲ್ಲಬೇಕು. ಡಿಟೆಕ್ಟರಿಗೆ ಚೀಲ ಕಟ್ಟಿದವರ ಮೇಲೆ ಶಿಸ್ತು ಕ್ರಮ ಖಂಡಿತ. ಆದರೆ ಪ್ರತಿ ಮಹಡಿಯಲ್ಲೂ ಅಡುಗೆಮನೆ ಕೊಟ್ಟಿದ್ದಾರೆ, ಹಾಗಾಗಿ ಕೋಣೆಯಲ್ಲಿ ಕದ್ದು ಬೇಯಿಸುವ ಅಗತ್ಯವೇ ಬರುವುದಿಲ್ಲ.

ಇಷ್ಟೆಲ್ಲ ಇದ್ದರೂ ಇಲ್ಲಿಯೂ ಈ ಸಮಸ್ಯೆ ಮುಗಿದಿಲ್ಲ. 2019ರ ನವೆಂಬರ್ 15ರ ರಾತ್ರಿ ಬೋಲ್ಟನ್ ಪಟ್ಟಣದ 'ದಿ ಕ್ಯೂಬ್' ಎಂಬ ವಿದ್ಯಾರ್ಥಿ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು, ಹೊರಗೋಡೆಯ ಹೊದಿಕೆಯ ಮೂಲಕ ಮೇಲಿನ ಮಹಡಿಗಳಿಗೆ ವೇಗವಾಗಿ ಹರಡಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಆದರೆ ಆ ಕಟ್ಟಡದಲ್ಲಿ ಅಲಾರಂ ಪದೇ ಪದೇ ಮೊಳಗುತ್ತಿದ್ದುದರಿಂದ ಆ ರಾತ್ರಿಯೂ ಕೆಲವರು ಮೊದಲು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ಆಮೇಲೆ ತಿಳಿದುಬಂದಿತು. ಸುಳ್ಳು ಕರೆಗಳ ಹೊರೆ ಎಷ್ಟಾಗಿದೆಯೆಂದರೆ, 2024ರ ಅಕ್ಟೋಬರ್ 29ರಿಂದ ಲಂಡನ್ನಿನ ಅಗ್ನಿಶಾಮಕ ದಳವು ಹೆಚ್ಚಿನ ವಾಣಿಜ್ಯ ಕಟ್ಟಡಗಳ ಸ್ವಯಂಚಾಲಿತ ಅಲಾರಂಗಳಿಗೆ ಹಗಲು ಹೊತ್ತಿನಲ್ಲಿ, ಬೆಂಕಿ ಇದೆಯೆಂದು ಯಾರಾದರೂ ಫೋನ್ ಮಾಡಿ ಹೇಳದ ಹೊರತು, ಹೋಗುವುದನ್ನು ನಿಲ್ಲಿಸಿದೆ. ಆದರೆ ಗಮನಿಸಿ, ಜನರು ಮಲಗುವ ಕಟ್ಟಡಗಳನ್ನು ಈ ನಿಯಮದಿಂದ ಹೊರಗಿಟ್ಟಿದ್ದಾರೆ. ಮಲಗಿದವರ ವಿಷಯದಲ್ಲಿ ಯಾರೂ ಊಹೆಯ ಮೇಲೆ ನಡೆಯಲು ಸಿದ್ಧರಿಲ್ಲ.

ಮುಳ್ಳೇರಿಯದ ಒಬ್ಬ ತಂದೆ:

ಉಪ್ಪಳದ ತಮ್ಮನ ವಿವರಣೆಯ ನಂತರ ಡಿಟೆಕ್ಟರ್ ನಿಲ್ಲಿಸಬೇಕೆಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ದಂಡದ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಭಯವಿಲ್ಲದೆ ಶಿಸ್ತು ಬರುತ್ತದೆಯೇ?

ನಿವೃತ್ತ ಅಧ್ಯಾಪಿಕೆ, ಬದಿಯಡ್ಕ:

ನಾನು ಒಂಬತ್ತು ವರ್ಷ ಕಾಲೇಜು ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಬೀಗದ ವಿಷಯ ಬಂದಾಗ ಸುಮ್ಮನಿರಲು ಮನಸ್ಸಾಗಲಿಲ್ಲ. ಹಿಂದಿನ ಮೆಟ್ಟಿಲಿಗೆ ಬೀಗ ಹಾಕಿಸಿದವಳು ನಾನೇ. ಹಾಕಿಸಬೇಕೆಂದು ಒತ್ತಾಯಿಸಿದವರು ಪೋಷಕರು. ಮಕ್ಕಳ ಭದ್ರತೆ ಎಂಬ ಮಾತಿಗೆ ನಾವೆಲ್ಲರೂ ಹೊರಗಿನವರು ಒಳಗೆ ಬಾರದಿರುವುದು ಎಂಬ ಒಂದೇ ಅರ್ಥ ಹಚ್ಚಿದ್ದೆವು. ಬೀಗದ ಕೈ ನನ್ನ ಮೇಜಿನ ಖಾನೆಯಲ್ಲಿ, ಹದಿನೇಳು ಕೀಲಿಗಳ ಗೊಂಚಲಿನಲ್ಲಿತ್ತು. ಒಂದು ರಾತ್ರಿ ವಿದ್ಯುತ್ ಹೋಗಿದ್ದಾಗ ಬೇರೆ ಯಾವುದೋ ಕಾರಣಕ್ಕೆ ಆ ಗೇಟನ್ನು ತೆರೆಯಬೇಕಾಯಿತು. ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಕೀಲಿ ತೂರಿಸುತ್ತ ಹೋದೆ. ತುಕ್ಕು ಹಿಡಿದ ಬೀಗ, ನಡುಗುವ ಕೈ. ಸರಿಯಾದ ಕೀಲಿ ಸಿಕ್ಕಾಗ ಮೈಯೆಲ್ಲ ಬೆವೆತಿತ್ತು. ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ, ಹಿಂದೆ ನೂಕುವ ಮಕ್ಕಳೂ ಇರಲಿಲ್ಲ. ಮರುದಿನವೇ ಬೀಗ ತೆಗೆಸಿದೆ.

ಅದರ ಬದಲಿಗೆ ಮಾಡಬಹುದಾದದ್ದು ಕಷ್ಟದ ಕೆಲಸವಲ್ಲ. ಒಳಗಿನಿಂದ ಅಡ್ಡಪಟ್ಟಿಯನ್ನು ತಳ್ಳಿದರೆ ಕೀಲಿಯಿಲ್ಲದೆ ತೆರೆಯುವ, ಹೊರಗಿನಿಂದ ತೆರೆಯಲಾಗದ ಬಾಗಿಲು ಸಿಗುತ್ತದೆ. ತೆರೆದಾಗ ಮೇಟ್ರನ್ ಕೋಣೆಯಲ್ಲಿ ಗಂಟೆ ಬಡಿಯುವಂತೆ ಮಾಡಿದರೆ ಪೋಷಕರ ಆತಂಕಕ್ಕೂ ಉತ್ತರ ಸಿಗುತ್ತದೆ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯು ಡಾರ್ಮಿಟರಿಗಳನ್ನು ಶಾಲಾ ಕಾಲೇಜುಗಳ ಗುಂಪಿಗೆ ಸೇರಿಸದೆ ವಾಸದ ಕಟ್ಟಡಗಳ ಗುಂಪಿಗೆ ಸೇರಿಸಿದೆ. ಅಲ್ಲಿ ಜನ ರಾತ್ರಿ ಮಲಗುತ್ತಾರೆ ಎಂಬುದನ್ನು ನಿಯಮ ಬರೆದವರು ಗಮನಿಸಿದ್ದಾರೆ. ಹಾಸ್ಟೆಲನ್ನು ಕಾಲೇಜಿನ ಬಾಲವೆಂದು ಕಾಣುವ ನಮ್ಮ ಆಡಳಿತಗಳು ಅದನ್ನು ಮರೆತಿವೆ.

ಮುಳ್ಳೇರಿಯದ ಸಹೋದರರು ಭಯದ ಬಗ್ಗೆ ಕೇಳಿದ್ದಾರೆ. ಆ ವಿದ್ಯಾರ್ಥಿನಿ ಬರೆದುದನ್ನು ಇನ್ನೊಮ್ಮೆ ಓದಿ. ಬಿಸಿ ಒಲೆ ಮಂಚದಡಿಗೆ ಹೋದದ್ದು ದಂಡದ ಭಯದಿಂದಲೇ. ದಂಡ ಬೇಡವೆಂದು ನಾನು ಹೇಳುವುದಿಲ್ಲ. ಗಂಟೆ ಬಡಿದಾಗ ಹೊರಗೆ ಬಂದು "ನನ್ನ ಕೋಣೆಯಿಂದ ಆಯಿತು" ಎಂದವಳಿಗೆ ದಂಡವಿಲ್ಲ; ಅಡಗಿಸಿದವಳಿಗೆ ಮತ್ತು ಡಿಟೆಕ್ಟರ್ ಮುಚ್ಚಿದವಳಿಗೆ ದಂಡವಿದೆ ಎಂದು ನಾನು ಕೊನೆಯ ಮೂರು ವರ್ಷ ನಡೆಸಿದೆ. ಜೊತೆಗೆ ಮೆಸ್ಸಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಕೆಟಲ್ ಇಟ್ಟು ರಾತ್ರಿ ಹನ್ನೊಂದರವರೆಗೆ ತೆರೆದಿಟ್ಟೆವು. ಕೋಣೆಗಳ ತಪಾಸಣೆಯಲ್ಲಿ ಸಿಗುತ್ತಿದ್ದ ಒಲೆಗಳು ಆ ವರ್ಷವೇ ಕಡಿಮೆಯಾದವು.

ಅಮೆರಿಕದ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಬೋಲಂಡ್ ಹಾಲ್ ಎಂಬ ವಸತಿಯ ಕಥೆಯನ್ನು ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದೆ. 2000ದ ಜನವರಿ 19ರ ನಸುಕಿನಲ್ಲಿ, ಸುಮಾರು ನಾಲ್ಕೂವರೆಗೆ, ಮೂರನೆಯ ಮಹಡಿಯ ವಿರಾಮದ ಕೋಣೆಯಲ್ಲಿ ಬೆಂಕಿ ಹತ್ತಿತು. ಹಿಂದಿನ ಸೆಮಿಸ್ಟರಿನಲ್ಲಿ ಅಲ್ಲಿ 18 ಸುಳ್ಳು ಅಲಾರಂಗಳಾಗಿದ್ದವು. ಆ ಬೆಳಗಿನ ಜಾವವೂ ಹಲವರು ಅದನ್ನು ಹತ್ತೊಂಬತ್ತನೆಯದೆಂದೇ ಎಣಿಸಿ ಮಲಗಿದ್ದರು. ಮೊದಲ ವರ್ಷದ ಮೂವರು ವಿದ್ಯಾರ್ಥಿಗಳು ಸತ್ತರು, ಐವತ್ತಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು. ಕಟ್ಟಡದಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಅದೇ ವರ್ಷ ಆ ರಾಜ್ಯ ಎಲ್ಲ ವಿದ್ಯಾರ್ಥಿ ವಸತಿಗಳಿಗೂ ಸ್ಪ್ರಿಂಕ್ಲರ್ ಕಡ್ಡಾಯಗೊಳಿಸಿತು. ಹನ್ನೊಂದು ಎಂಬ ಸಂಖ್ಯೆಯನ್ನು ನೀರ್ಚಾಲಿನ ತಾಯಿ ಬರೆದಾಗ ನನಗೆ ಆ ಹದಿನೆಂಟು ನೆನಪಾಯಿತು.

ಕೊನೆಯದಾಗಿ ನಮ್ಮ ಕಾಸರಗೋಡು ಜಿಲ್ಲೆಗೇ ಸಂಬಂಧಿಸಿದ ಒಂದು ವಿಷಯ. ಮೆಟ್ಟಿಲ ಬಳಿಯ ಸೂಚನಾ ಫಲಕಗಳು ಹೆಚ್ಚಾಗಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಗಡಿಯ ಮಕ್ಕಳು ಎರಡನ್ನೂ ಓದಿಯಾರು. ಆದರೆ ಕರ್ನಾಟಕದ ಒಳನಾಡಿನಿಂದ ನರ್ಸಿಂಗಿಗೋ ಎಂಎಸ್ಸಿಗೋ ಬಂದ ಹುಡುಗಿಗೆ ಮಲಯಾಳ ಓದಲು ಬರುವುದಿಲ್ಲ, ನಿದ್ದೆಗಣ್ಣಿನಲ್ಲಿ ಇಂಗ್ಲಿಷ್ ಫಲಕವೂ ತಲೆಗೆ ಹತ್ತುವುದಿಲ್ಲ. ಯಾರೋ "ತೀ, ತೀ" ಎಂದು ಕೂಗಿದಾಗ ಅದು ಬೆಂಕಿಯೆಂದು ಅವಳಿಗೆ ಗೊತ್ತಾಗಬೇಕಲ್ಲವೇ? ಕನ್ನಡದ ಫಲಕವನ್ನು ಭಾಷಾಭಿಮಾನಕ್ಕಾಗಿ ಕೇಳುತ್ತಿಲ್ಲ, ಪ್ರಾಣಕ್ಕಾಗಿ ಕೇಳುತ್ತಿದ್ದೇನೆ. ಕತ್ತಲಲ್ಲಿ ಹೊಳೆಯುವ ಬಾಣದ ಗುರುತನ್ನು ಗೋಡೆಯ ಕೆಳಭಾಗದಲ್ಲೂ ಹಾಕಬೇಕು. ಹೊಗೆ ಮೇಲಿನಿಂದ ತುಂಬುತ್ತ ಬರುವಾಗ ಬಾಗಿಲ ನೆತ್ತಿಯ ಮೇಲಿನ ಫಲಕವೇ ಮೊದಲು ಮರೆಯಾಗುವುದು.

ಅಗ್ನಿಶಾಮಕ ದಳದ ನಿವೃತ್ತ ಸಿಬ್ಬಂದಿ, ಕಾಸರಗೋಡು:

ಟೀಚರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಎದ್ದ ಮೇಲೆ ಕೋಣೆಯ ಬಾಗಿಲನ್ನು ಒಮ್ಮೆಲೇ ತೆರೆಯಬಾರದು. ಅಂಗೈಯ ಹಿಂಭಾಗವನ್ನು ಬಾಗಿಲಿಗೆ ಮುಟ್ಟಿಸಿ ನೋಡಬೇಕು. ಬಿಸಿಯಾಗಿದ್ದರೆ ಅಥವಾ ಸಂದಿನಿಂದ ಹೊಗೆ ಬರುತ್ತಿದ್ದರೆ ತೆರೆಯದೆ, ಒದ್ದೆ ಬಟ್ಟೆಯನ್ನು ಕೆಳಗಿನ ಸಂದಿಗೆ ತುರುಕಿ, ಕಿಟಕಿಯ ಬಳಿ ನಿಂತು ಟಾರ್ಚು ಬೀಸಬೇಕು, ಕೋಣೆಯ ಸಂಖ್ಯೆಯನ್ನು ಫೋನಿನಲ್ಲಿ ನಮಗೆ ತಿಳಿಸಬೇಕು. ತಣ್ಣಗಿದ್ದರೆ ಹೊರಗೆ ಬಂದು ಬಾಗಿಲನ್ನು ಹಿಂದೆ ಎಳೆದುಕೊಳ್ಳಬೇಕು. ಮುಚ್ಚಿದ ಒಂದು ಸಾಮಾನ್ಯ ಬಾಗಿಲು ಮೊಗಸಾಲೆಗೆ ಹಲವು ನಿಮಿಷಗಳ ಉಸಿರನ್ನು ಉಳಿಸಿಕೊಡುತ್ತದೆ. ಹಾಸ್ಟೆಲಿನವರು ಪತ್ರ ಬರೆದು ಕೇಳಿದರೆ ಠಾಣೆಯಿಂದ ಬಂದು ಅಣಕು ಅಭ್ಯಾಸ ಮಾಡಿಸುತ್ತಾರೆ.

ನೀರ್ಚಾಲಿನ ಒಬ್ಬ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಆರು ಮಂದಿ ಪೋಷಕರು ಸೇರಿ ಲಿಖಿತ ಮನವಿ ಕೊಟ್ಟೆವು. ಅದರಲ್ಲಿ ಯಾರ ಮೇಲೂ ಆರೋಪ ಮಾಡಲಿಲ್ಲ. ಉಪ್ಪಳದ ತಮ್ಮ ಹೇಳಿದಂತೆ ಮೊದಲು ನೋಟು ಪುಸ್ತಕವನ್ನೇ ಕೇಳಿದೆವು. ಇರಲಿಲ್ಲ. ಅಂದೇ ಒಂದನ್ನು ತರಿಸಿ, ದಾರ ಕಟ್ಟಿ ಪ್ಯಾನೆಲಿನ ಕೊಕ್ಕೆಗೆ ತೂಗುಹಾಕಿದರು.

ಅಗ್ನಿಶಾಮಕ ದಳದವರು ಬಂದು ಸಂಜೆ ಆರಕ್ಕೆ ಅಣಕು ಅಭ್ಯಾಸ ಮಾಡಿಸಿದರು. ಎಲ್ಲರೂ ಅಂಗಳ ಸೇರಲು ಹನ್ನೊಂದು ನಿಮಿಷ ಹಿಡಿಯಿತು. ಎಣಿಸಿದಾಗ ಮೂವರು ಕಡಿಮೆ; ಸ್ನಾನದ ಕೋಣೆಯಲ್ಲಿದ್ದ ಅವರಿಗೆ ನೀರಿನ ಶಬ್ದದಲ್ಲಿ ಗಂಟೆಯೇ ಕೇಳಿಸಿರಲಿಲ್ಲ. ಇದು ನಮ್ಮ ಯಾರ ಯೋಚನೆಗೂ ಬಂದಿರಲಿಲ್ಲ. ಈಗ ಅಲ್ಲಿ ಇನ್ನೊಂದು ಗಂಟೆ ಹಾಕುತ್ತಾರಂತೆ. ಎರಡನೆಯ ಮೆಟ್ಟಿಲಿನ ಬೀಗ ತೆಗೆದಿದ್ದಾರೆ, ತಳ್ಳುವ ಬಾಗಿಲಿಗೆ ದರಪಟ್ಟಿ ತರಿಸಿದ್ದಾರೆ. ಅದು ಬರುವವರೆಗೆ ರಾತ್ರಿ ಆ ಗೇಟಿನ ಬಳಿ ಕಾವಲಿನವರು ಕೂರುತ್ತಾರೆ.

ಕಳೆದ ಗುರುವಾರ ರಾತ್ರಿ ಹತ್ತೂ ಮುಕ್ಕಾಲಿಗೆ ಮಗಳು ಅಂಗಳದಿಂದಲೇ ಫೋನ್ ಮಾಡಿದಳು. ಗಂಟೆ ಬಡಿದಿತ್ತು, ಎಲ್ಲರೂ ಹೊರಗೆ ನಿಂತಿದ್ದರು, ಹೆಸರು ಕರೆಯುವ ಶಬ್ದ ಹಿಂದಿನಿಂದ ನನಗೂ ಕೇಳಿಸುತ್ತಿತ್ತು. ಈ ಸಲ ರೀಸೆಟ್ ಮಾಡುವ ಮೊದಲು ಮೇಟ್ರನ್ ಮತ್ತು ಇಬ್ಬರು ಹುಡುಗಿಯರು ಮಹಡಿ ಮಹಡಿ ನಡೆದು ಕೆಂಪು ದೀಪವನ್ನು ಹುಡುಕಿದರಂತೆ. ಎರಡನೇ ಮಹಡಿಯ ಬಚ್ಚಲಿನ ಎದುರಿನ ಡಿಟೆಕ್ಟರ್. ಮರುದಿನ ಬಿಚ್ಚಿ ನೋಡಿದಾಗ ಒಳಗೆ ಜೇಡರಬಲೆ, ಅದರ ಮೇಲೆ ನೀರಿನ ಹನಿಗಳು. ಪುಸ್ತಕದ ಮೊದಲ ಸಾಲಿನಲ್ಲಿ ಅದನ್ನು ಬರೆದಿದ್ದಾರೆ, ಮಗಳು ಆ ಪುಟದ ಫೋಟೊ ಕಳುಹಿಸಿದ್ದಾಳೆ.

ಬಟ್ಟೆಯ ಹಗ್ಗಗಳು ಮಾತ್ರ ಇನ್ನೂ ಮೊಗಸಾಲೆಯಲ್ಲಿಯೇ ಇವೆ. ತಾರಸಿಯ ಮೇಲೆ ಶೀಟು ಹೊದಿಸಿ ಒಣಗಿಸುವ ಜಾಗ ಮಾಡಿಕೊಡಬೇಕೆಂದು ಕೇಳಿದ್ದೇವೆ, ಹಣವಿಲ್ಲವೆಂಬ ಉತ್ತರ ಬಂದಿದೆ. ಮುಂದಿನ ಮಳೆಗಾಲದ ಒಳಗೆ ಪೋಷಕರೇ ಸೇರಿ ಮಾಡಿಸಬಹುದೇ, ಅದಕ್ಕೆ ಯಾರ ಅನುಮತಿ ಬೇಕು, ತಾರಸಿಯ ಬಾಗಿಲನ್ನು ರಾತ್ರಿ ಹೇಗೆ ಇಡಬೇಕು ಎಂಬುದನ್ನು ಟೀಚರ್ ಮತ್ತು ಉಪ್ಪಳದ ತಮ್ಮ ಬಿಡುವಾದಾಗ ತಿಳಿಸಿದರೆ ಉಪಕಾರವಾಗುತ್ತದೆ.